ನಲ್ಲಿ ನಿಲ್ಲಿಸಿದ ಮೇಲೂ ಶವರ್ ತೊಟ್ಟಿಕ್ಕುತ್ತಿದೆ. ಪ್ಲಂಬರ್‌ನ ಕರೆಸಬೇಕಾ?

ನಿಲ್ಲಿಸಿದ ಮೇಲೆ ಕೆಲವು ನಿಮಿಷ ಹನಿ ಬಿದ್ದರೆ ಗಾಬರಿ ಬೇಡ, ಅದು ಶವರ್‌ನೊಳಗೆ ಉಳಿದ ನೀರು. ಗಂಟೆಗಟ್ಟಲೆ ತೊಟ್ಟಿಕ್ಕುತ್ತಿದ್ದರೆ ಪ್ಲಂಬರ್‌ನ ಕರೆಸಿ. ತೊಂದರೆ ಸಾಮಾನ್ಯವಾಗಿ ಶವರ್‌ನಲ್ಲಿ ಇರುವುದಿಲ್ಲ, ನಲ್ಲಿಯ ಒಳಗಿನ ವಾಷರ್ ಅಥವಾ ಕಾರ್ಟ್ರಿಡ್ಜ್ (ನೀರು ಬಿಡುವ, ತಡೆಯುವ ಒಳಭಾಗ) ಸವೆದಿರುತ್ತದೆ. ಹಾಗಾಗಿ "ಶವರ್ ಪೂರ್ತಿ ಬದಲಾಯಿಸೋಣ" ಅಂದರೆ ಸುಮ್ನೆ ಒಪ್ಪಬೇಡಿ. ನಲ್ಲಿ ಬಿಚ್ಚಿ ಸವೆದ ಭಾಗ ತೋರಿಸಿ ಅಂತ ಕೇಳಿ. ಕೂಲಿ ಎಷ್ಟು, ಸಾಮಾನಿಗೆ ಎಷ್ಟು ಅಂತ ಬೇರೆ ಬೇರೆಯಾಗಿ ಮೊದಲೇ ಮಾತಾಡಿಕೊಳ್ಳಿ. ನಲ್ಲಿ ಬಿಚ್ಚುವ ಮುಂಚೆ ನೀರು ನಿಲ್ಲಿಸಬೇಕಲ್ಲ, ಅದಕ್ಕೆ ಇಡೀ ಮನೆಯ ನೀರು ನಿಲ್ಲಿಸುವ ಮೇನ್ ವಾಲ್ವ್ ಎಲ್ಲಿದೆ ಅಂತಲೂ ನೋಡಿಟ್ಟುಕೊಳ್ಳಿ.

ಗೋಡೆ ಒದ್ದೆಯಾಗುತ್ತಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ, ಒಳಗಿನ ಪೈಪ್ ಸೋರುತ್ತಿರಬಹುದು. ಟೈಲ್ಸ್ ಒಡೆದು ರಿಪೇರಿ ಮಾಡಿದರೆ, ಮತ್ತೆ ಮುಚ್ಚುವ ಮುಂಚೆ ನೀರು ಬಿಡಿಸಿ, ಜಾಯಿಂಟ್ ಒಣಗಿಯೇ ಇದೆಯಾ ಅಂತ ನೀವೇ ಮುಟ್ಟಿ ನೋಡಿ.