ಪ್ರತಿಕ್ರಿಯೆ: ಹೊಟ್ಟೆ ಖಾಲಿಯಾಗದ ಕಾಯಿಲೆಗೆ ಐವಿಐಜಿ

ನಿಮ್ಮ ತಾಯಿಯವರಿಗೆ ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿಗಳ ಡ್ರಿಪ್, ಕೊಡಿಸಬೇಕೇ ಎಂದು ಕೇಳಿದ್ದೀರಿ. ವಾಂತಿ ತಡೆಯುವ ಮಾತ್ರೆ ಡೊಂಪೆರಿಡೋನ್‌ಗೂ ವಾಂತಿ ನಿಂತಿಲ್ಲ, ರಕ್ತದಲ್ಲಿ ಗ್ಯಾಂಗ್ಲಿಯಾನಿಕ್ ಆ್ಯಂಟಿಬಾಡಿ (ಸ್ವಂತ ನರಗಳ ಮೇಲೆಯೇ ಎರಗುವ ರೋಗನಿರೋಧಕ ಪ್ರೋಟೀನ್) ಬಂದಿದೆ ಅಂತೀರಿ. ಹಾಗಾದರೆ ನಿಮ್ಮ ತಾಯಿಯವರ ರೋಗನಿರೋಧಕ ವ್ಯವಸ್ಥೆಯೇ ಜಠರದ ನರಗಳ ಮೇಲೆ ಬಿದ್ದಿರುವ ಸಾಧ್ಯತೆ ಹೆಚ್ಚು. ಆದರೆ ಆ್ಯಂಟಿಬಾಡಿ ಕಡಿಮೆ ಮಟ್ಟದಲ್ಲಿದ್ದರೆ ಅದೊಂದೇ ಪುರಾವೆಯಲ್ಲ.

ಐವಿಐಜಿಗೆ ಅವಸರ ಬೇಡ. ಮೊದಲು ನಾಲ್ಕು ತಾಸಿನ ಗ್ಯಾಸ್ಟ್ರಿಕ್ ಎಂಪ್ಟಿಯಿಂಗ್ ಸ್ಕ್ಯಾನ್ (ಹೊಟ್ಟೆ ಎಷ್ಟು ಬೇಗ ಖಾಲಿಯಾಗುತ್ತದೆಂದು ನೋಡುವ ಪರೀಕ್ಷೆ) ಆಗಲಿ, ಕೊನೆಗೆ ಶೇ. 10ಕ್ಕಿಂತ ಹೆಚ್ಚು ಊಟ ಉಳಿದರೆ ತೊಂದರೆ ಖಚಿತ. ಪರೀಕ್ಷೆಯ ಊಟ ಸಾಮಾನ್ಯವಾಗಿ ಮೊಟ್ಟೆಯ ಬಿಳಿಭಾಗ. ತಿನ್ನದವರಾದರೆ ಸ್ಕ್ಯಾನಿಗಾಗಿ ಕಲಬುರಗಿಯಿಂದ ಹೈದರಾಬಾದಿಗೆ ರೈಲು ಹತ್ತುವ ಮುಂಚೆಯೇ ಫೋನ್ ಮಾಡಿ ತಿಳಿಸಿ. ಎದೆಯ ಸಿಟಿ ಸ್ಕ್ಯಾನ್ ಕೂಡ ಬೇಕು, ಈ ಆ್ಯಂಟಿಬಾಡಿಗಳ ಹಿಂದೆ ಕೆಲವೊಮ್ಮೆ ಗಡ್ಡೆ ಅಡಗಿರುತ್ತದೆ. ಬಾಕಿ ರಕ್ತಪರೀಕ್ಷೆಗಳನ್ನು ಐವಿಐಜಿಗಿಂತ ಮೊದಲೇ ಮುಗಿಸಿ. ಬಾಟಲಿಯಲ್ಲಿರುವುದು ದಾನಿಗಳ ಆ್ಯಂಟಿಬಾಡಿ, ಆಮೇಲಿನ ವರದಿ ದಾರಿ ತಪ್ಪಿಸುತ್ತದೆ. ಐಜಿಎ (ಒಂದು ಬಗೆಯ ಆ್ಯಂಟಿಬಾಡಿ), ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ಹೇಳುವುದು), ಹೆಪಟೈಟಿಸ್ ಬಿ ಪರೀಕ್ಷೆಗಳನ್ನು ಮರೆಯಬೇಡಿ.

ಐವಿಐಜಿಯ ರೂಢಿಯ ಪ್ರಮಾಣ ದೇಹತೂಕದ ಕಿಲೋಗೆ 0.4 ಗ್ರಾಂ: ಅವರ 50 ಕಿಲೋಗೆ 20 ಗ್ರಾಂ, ಅಂದರೆ ಶೇ. 10ರ ದ್ರಾವಣ 200 ಮಿಲಿ. ಮೊದಲ ಮೂರು ದಿನ ನಿತ್ಯ, ನಂತರ ವಾರಕ್ಕೊಮ್ಮೆ, 6ರಿಂದ 12 ವಾರ. ಆರಂಭದ ಅರ್ಧ ತಾಸು ಗಂಟೆಗೆ 25 ಮಿಲಿಯಷ್ಟೇ ಬಿಡಲಿ. ಜೋರಾಗಿ ಬಿಟ್ಟರೆ ತಲೆನೋವು, ಚಳಿ. ವಾಂತಿಯಿಂದ ಒಣಗಿದ ಮೈಗೆ ಮೊದಲು ಸಲೈನ್ ಬೇಕು, ಇಲ್ಲದಿದ್ದರೆ ಕಿಡ್ನಿಗೆ ಅಪಾಯ, ರಕ್ತವೂ ಹೆಪ್ಪುಗಟ್ಟಬಹುದು. ಬಾಟಲಿ ನೀವೇ ತರುವುದಾದರೆ ಐಸ್ ಡಬ್ಬಿಯಲ್ಲಿ ತನ್ನಿ, ಮಂಜುಗಡ್ಡೆಗೆ ನೇರ ತಾಗದಂತೆ. ನಮ್ಮ ಬಿಸಿಲು ಗೊತ್ತಲ್ಲ.

ಸದ್ಯಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಟ್ಟು ತೆಳು ಗಂಜಿ ಸ್ವಲ್ಪಸ್ವಲ್ಪ ಕೊಡಿ. ಗುಣ ಕಂಡಿತೋ ಇಲ್ಲವೋ ಎಂಬುದನ್ನು ಅದೇ ಗ್ಯಾಸ್ಟ್ರಿಕ್ ಸ್ಕ್ಯಾನ್ ಮತ್ತೆ ಮಾಡಿಸಿ ಅಳೆಯಿರಿ. ನೀರೂ ನಿಲ್ಲದಿದ್ದರೆ ಸ್ಕ್ಯಾನಿಗೆ ಕಾಯದೆ ಇಂದೇ ಅಡ್ಮಿಟ್ ಮಾಡಿ.