ಎಂಜಿನ್ ರೂಮಿನ ಧೂಳು, ಮೂವತ್ತೈದು ವರ್ಷದ ನಂತರ ಕೆಮ್ಮು

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ ಈಗ 70ರ ಹತ್ತಿರ. 1974ರಲ್ಲಿ ನೌಕಾಪಡೆ ಸೇರಿ, 15 ವರ್ಷ ಮುಗಿಸಿ ಊರಿಗೆ ಬಂದು ತೋಟ ನೋಡಿಕೊಂಡವರು. ಅದರಲ್ಲಿ ಏಳು ವರ್ಷ ಮೈನ್‌ಸ್ವೀಪರ್ (ಸಮುದ್ರದಲ್ಲಿಟ್ಟ ಮೈನು, ಅಂದರೆ ಸಿಡಿಗುಂಡು ತೆಗೆಯುವ) ಹಡಗಿನ ಎಂಜಿನ್ ರೂಮಿನಲ್ಲಿದ್ದರು. ಎರಡು ವರ್ಷದಿಂದ ಒಣಕೆಮ್ಮು. ತೋಟದಿಂದ ದರೆ ಹತ್ತಿ ಮನೆಗೆ ಬರುವಷ್ಟರಲ್ಲಿ ಮೂರು ಕಡೆ ನಿಲ್ಲುತ್ತಾರೆ. ಡಾಕ್ಟರು ಉಬ್ಬಸ ಅಂತ ಇನ್ಹೇಲರ್ ಕೊಟ್ಟಿದ್ದಾರೆ, ಏನೂ ಉಪಯೋಗ ಕಾಣುತ್ತಿಲ್ಲ. ಇದು ಆಸ್ಬೆಸ್ಟಾಸ್‌ನಿಂದ ಇರಬಹುದಾ? ಬ್ರಿಟನ್ನಿನಲ್ಲಿ ಇಂಥವರಿಗೆ 1,40,000 ಪೌಂಡ್ ಕೊಡುತ್ತಾರಂತೆ. ನಮಗೂ ಏನಾದರೂ ಸಿಗುತ್ತದಾ?
– ಓದುಗ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಇರಬಹುದು. ಆದರೆ ಡಾಕ್ಟರ ಹತ್ತಿರ ಅಪ್ಪಯ್ಯ ಹಡಗಿನ ವಿಷಯ ಎತ್ತಿದ್ದಾರಾ? ನಾನು ನೋಡಿದ ಹತ್ತರಲ್ಲಿ ಒಂಬತ್ತು ಜನ ಎತ್ತಿರುವುದಿಲ್ಲ. ನಮ್ಮ ಕಡೆ ಕೆಮ್ಮು ಅಂದರೆ ಬಚ್ಚಲ ಒಲೆಯ ಹೊಗೆ, ಅಡಿಕೆ ಧೂಳು, ಬೀಡಿ, ಇಲ್ಲವೇ ಮಳೆಗಾಲದ ಥಂಡಿ. ಡಾಕ್ಟರು ಕೇಳುವುದೂ ಅಷ್ಟನ್ನೇ. ಎಂದೋ ಬಿಟ್ಟು ಬಂದ ಕೆಲಸ ಯಾರ ಬಾಯಿಗೂ ಬರುವುದಿಲ್ಲ.

ನಾನು ನೌಕಾಪಡೆಯಲ್ಲಿ ರೈಟರ್ ಆಗಿದ್ದವನು, ಅಂದರೆ ಕಾಗದಪತ್ರದ ಗುಮಾಸ್ತ. ಸಹಿ ಹಾಕಿಸಲು ಎಂಜಿನ್ ರೂಮಿಗೆ ಇಳಿದಾಗ ಸ್ಟೋಕರ್‌ಗಳ, ಅಂದರೆ ಎಂಜಿನ್ ನೋಡಿಕೊಳ್ಳುವ ನಾವಿಕರ, ಕೆಲಸ ನೋಡುತ್ತಿದ್ದೆ. ಹಳೇ ಗ್ಯಾಸ್ಕೆಟ್ (ಸೋರದಂತೆ ಜೋಡಣೆಗೆ ಇಡುವ ಹಾಳೆ) ಪೈಪಿನ ಬಾಯಿಗೆ ಕಚ್ಚಿಕೊಂಡಿರುತ್ತಿತ್ತು. ಅದನ್ನು ಸ್ಕ್ರೇಪರ್‌ನಿಂದ ಕೆರೆದು, ಪುಡಿಯನ್ನು ಬಾಯಿಂದ ಊದುತ್ತಿದ್ದರು. ಹೊಸ ಶೀಟನ್ನು ಅದರ ಮೇಲಿಟ್ಟು, ಸುತ್ತಿಗೆಯಿಂದ ತಟ್ಟಿ ತಟ್ಟಿ ಅಂಚು ಕತ್ತರಿಸುತ್ತಿದ್ದರು. ಬಿಸಿ ಪೈಪಿಗೆ ಸುತ್ತಿದ ಬಿಳಿ ಲ್ಯಾಗಿಂಗ್ ಕಿತ್ತ ದಿನವಂತೂ ಹುಬ್ಬೆಲ್ಲ ಬೆಳ್ಳಗೆ. ಆ ಕಾಲದ ಹಡಗುಗಳಲ್ಲಿ ಇದಕ್ಕೆಲ್ಲ ಬಳಸುತ್ತಿದ್ದದ್ದು ಹೆಚ್ಚಾಗಿ ಆಸ್ಬೆಸ್ಟಾಸ್. ಮೂಗಿಗೆ ಕರವಸ್ತ್ರ ಕಟ್ಟಿದವರನ್ನೂ ನಾನು ಕಂಡಿಲ್ಲ.

ಮೈನ್‌ಸ್ವೀಪರ್ ಚಿಕ್ಕ ಹಡಗು. ಕಬ್ಬಿಣ ಹತ್ತಿರ ಬಂದರೆ ಸಿಡಿಯುವ ಕಾಂತದ ಮೈನು ಸಿಡಿಯಬಾರದು ಅಂತ 1956ರಲ್ಲಿ ಬ್ರಿಟನ್ನಿನಿಂದ ತಂದವುಗಳ ಹೊರಮೈಯನ್ನು ಮರದಲ್ಲೇ ಕಟ್ಟಿದ್ದರು. ಅದರಲ್ಲೊಂದರ ಹೆಸರು ಕಾರವಾರ. 1970ರ ದಶಕದ ಕೊನೆಯಿಂದ ಸೋವಿಯತ್ ಒಕ್ಕೂಟದ ಹಡಗುಗಳು ಬಂದವು. ಹಡಗು ಯಾವ ದೇಶದ್ದಾದರೂ ಎಂಜಿನ್, ಊಟ, ನಿದ್ದೆ ಎಲ್ಲ ಒತ್ತೊತ್ತಿಗೇ.

ಆಸ್ಬೆಸ್ಟಾಸ್ ಎಳೆ ಒಳಗೆ ಹೋದರೆ ಕರಗುವುದಿಲ್ಲ. ಕಾಯಿಲೆ ತಲೆ ಎತ್ತಲು 20ರಿಂದ 40 ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಶ್ವಾಸಕೋಶ ಗಟ್ಟಿಯಾಗುವುದು ಆಸ್ಬೆಸ್ಟೋಸಿಸ್. ಅದರ ಹೊರಪೊರೆಗೆ ಬರುವ ಕ್ಯಾನ್ಸರ್ ಮೀಸೋಥೀಲಿಯೋಮಾ. ಶ್ವಾಸಕೋಶದ ಕ್ಯಾನ್ಸರ್ ಬೇರೆ. ಬೀಡಿ ಸೇದುವವರಿಗೆ ಈ ಕೊನೆಯದರ ಅಪಾಯ ಹಲವು ಪಟ್ಟು. ಅಪ್ಪಯ್ಯ ಸೇದುತ್ತಿದ್ದರೆ ಮೊದಲು ಅದನ್ನು ಬಿಡಿಸಿ.

ಮನೆಯಲ್ಲೇ ಒಂದು ನೋಡಿ. ಎರಡೂ ಕೈಯ ತೋರುಬೆರಳಿನ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಯಲು ಹೇಳಿ. ಉಗುರಿನ ಬುಡದಲ್ಲಿ ಗೋಧಿ ಕಾಳಿನಷ್ಟು ಸಂದು ಕಾಣಬೇಕು. ಕಾಣದಿದ್ದರೆ ಬೆರಳ ತುದಿ ಊದಿದೆ ಅಂತ ಲೆಕ್ಕ. ಅದು ಬೇರೆ ಕಾಯಿಲೆಯಲ್ಲೂ ಇರುತ್ತದೆ, ಗಾಬರಿ ಬೇಡ. ಆದರೆ ಬರೀ ಉಬ್ಬಸಕ್ಕೆ ಹಾಗಾಗುವುದಿಲ್ಲ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ನಿಂದ ರೆಫರಲ್ ತಗೊಂಡು ಎದೆ ತಜ್ಞರಲ್ಲಿ ಎಚ್‌ಆರ್‌ಸಿಟಿ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ) ಸ್ಕ್ಯಾನ್, ಉಸಿರಿನ ಪರೀಕ್ಷೆ ಮಾಡಿಸಿ. ಸುಮ್ನೆ ಎಕ್ಸ್‌ರೇ ಸಾಲದು. ರಿಪೋರ್ಟ್‌ನಲ್ಲಿ 'ಪ್ಲೂರಲ್ ಪ್ಲಾಕ್' ಅನ್ನುವ ಪದ ಬಂದರೆ ಆ ಹಾಳೆ ಜೋಪಾನ. ಅದು ಶ್ವಾಸಕೋಶದ ಹೊರಪೊರೆಯಲ್ಲಿ ದಪ್ಪಗಾದ ಕಲೆ, ಆಸ್ಬೆಸ್ಟಾಸ್ ಬಿಟ್ಟುಹೋದ ಹೆಜ್ಜೆ ಗುರುತು. ಹಡಗಿನ ಕೆಲಸವನ್ನು ಕೇಸ್ ಶೀಟಿನಲ್ಲಿ ಬರೆಯಲು ಡಾಕ್ಟರನ್ನು ನೀವೇ ಕೇಳಿ.

ಇನ್ನು ದುಡ್ಡಿನ ಮಾತು. ಆ 1,40,000 ಪೌಂಡ್ 2016ರಿಂದ ಬ್ರಿಟನ್ ತನ್ನ ಮಾಜಿ ಸೈನಿಕರಿಗೆ, ಅದೂ ಮೀಸೋಥೀಲಿಯೋಮಾ ಬಂದವರಿಗೆ ಕೊಡುವುದು. ನಮಗೆ ಅದು ಲೆಕ್ಕಕ್ಕಿಲ್ಲ. ನಮ್ಮಲ್ಲಿರುವುದು ಅಂಗವೈಕಲ್ಯ ಪಿಂಚಣಿ. ಕಾಯಿಲೆ ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಹೆಚ್ಚಾಗಿರಬೇಕು. ವೈದ್ಯಕೀಯ ಮಂಡಳಿ ಕನಿಷ್ಠ 20% ಅಂಗವೈಕಲ್ಯ ಅನ್ನಬೇಕು. ಒಪ್ಪಿದರೆ ಈಗಿನ ಪಿಂಚಣಿಯ ಮೇಲೆ ಇನ್ನೊಂದಿಷ್ಟು ಸೇರುತ್ತದೆ. 50%ಗಿಂತ ಕಡಿಮೆ ಇದ್ದರೆ 50% ಎಂದೇ ಹಿಡಿಯುವ ಅನುಕೂಲ ಅವಧಿ ಮುಗಿಸಿ ಬಂದವರಿಗೂ ಇದೆ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ತೊಡಕು ಇಲ್ಲಿದೆ. ಅಪ್ಪಯ್ಯ ಬಿಡುವಾಗ ಆರೋಗ್ಯವಾಗಿದ್ದರು, ಕಾಗದದಲ್ಲಿ 'ಎಸ್1ಎ1' (ಪೂರ್ತಿ ಫಿಟ್ ಅನ್ನುವ ದರ್ಜೆ) ಅಂತಲೇ ಇರುತ್ತದೆ. ಬಿಟ್ಟ ಮೇಲೆ ಕಂಡ ಕಾಯಿಲೆಗೂ ನಿಯಮದಲ್ಲಿ ಜಾಗವಿದೆ, ಆದರೆ ಅದರ ಗಡುವು ಹತ್ತು ವರ್ಷ ದಾಟುವುದಿಲ್ಲ. ಮೂವತ್ತು ವರ್ಷ ಅಡಗಿ ಕೂರುವ ಕಾಯಿಲೆಗೆ ಹತ್ತು ವರ್ಷದ ಬಾಗಿಲು! ನನಗಿದು ಅನ್ಯಾಯ ಅಂತಲೇ ಅನಿಸುತ್ತದೆ. ಆದ್ದರಿಂದ ಮೊದಲ ಅರ್ಜಿಗೆ 'ಇಲ್ಲ' ಅಂತ ಬಂದರೆ ಬೇಜಾರಾಗಬೇಡಿ, ಆ 'ಇಲ್ಲ' ಬರಹದಲ್ಲಿರಲಿ. ಮೇಲ್ಮನವಿಗೆ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅದೇ ಬೇಕು. ನಮಗೆ ಕೊಚ್ಚಿ ಪೀಠ. ಸೇರುವಾಗ ಇಲ್ಲದ ಕಾಯಿಲೆ ಸೇವೆಯಲ್ಲಿದ್ದಾಗ ಬಂದರೆ ಅದು ಸೇವೆಯಿಂದಲೇ ಅಂತ ಮೊದಲು ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಿಮ್ಮದು ಅದಕ್ಕೆ ನೇರವಾಗಿ ಹೊಂದುವುದಿಲ್ಲ, ಆದರೂ ವಕೀಲರಿಗೆ ಹಿಡಿಯಲು ಒಂದು ಎಳೆ. ತಡವಾಗಿ ಹೋದವರಿಗೆ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದು ಮಾತ್ರ, ಹಾಗಾಗಿ ಅಡಿಕೆ ಕೊಯ್ಲು ಮುಗಿಯಲಿ ಅಂತ ಕಾಯಬೇಡಿ.

ಮುಂಬೈನ ಬ್ಯೂರೋ ಆಫ್ ಸೇಲರ್ಸ್‌ಗೆ ಬರೆದು ಸೇವಾ ದಾಖಲೆ ತರಿಸಿ. ಯಾವ ಹಡಗು, ಯಾವ ತಾರೀಖಿನಿಂದ ಯಾವ ತಾರೀಖಿಗೆ ಅನ್ನುವುದು ಅದರಲ್ಲಿರುತ್ತದೆ. ಅದಕ್ಕೂ ಮೊದಲು, ಈ ಭಾನುವಾರವೇ ಅಪ್ಪಯ್ಯನ ಪಕ್ಕ ಕೂತು ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಜೊತೆಗಿದ್ದ ಇಬ್ಬರು ಸ್ಟೋಕರ್‌ಗಳಿಂದ ಅಫಿಡವಿಟ್ ಸಿಕ್ಕರೆ ಅರ್ಧ ಕೆಲಸ ಆದಂತೆ. ಅವರಿಗೂ ಎಪ್ಪತ್ತಾಗಿದೆ, ಅಲ್ವಾ?

ಪ್ರಶ್ನೆ: ನಮ್ಮ ಕೊಟ್ಟಿಗೆಗೆ ಹಾಕಿರುವುದೂ ಆಸ್ಬೆಸ್ಟಾಸ್ ಶೀಟೇ. ಭಯಪಡಬೇಕಾ?
– ಓದುಗರು, ಸಾಗರ

ಉತ್ತರ: ಗಟ್ಟಿಯಾಗಿದ್ದು ಸುಮ್ಮನೆ ಕೂತಿರುವ ಶೀಟಿಗೆ ಅಷ್ಟು ಭಯ ಬೇಡ. ಎಳೆ ಸಿಮೆಂಟಿನಲ್ಲಿ ಹಿಡಿದಿರುತ್ತದೆ. ಅಪಾಯ ಇರುವುದು ಮಳೆಗಾಲಕ್ಕೆ ಮುಂಚೆ ತಂತಿ ಬ್ರಷ್ ಹಿಡಿದು ಒಣ ಪಾಚಿ ಕೆರೆಯುವುದರಲ್ಲಿ, ಗರಗಸದಿಂದ ಕೊಯ್ಯುವುದರಲ್ಲಿ. ಮುಟ್ಟಲೇಬೇಕು ಅಂದರೆ ನೀರು ಹೊಡೆದು ಒದ್ದೆ ಮಾಡಿ. ಒಡೆದ ಚೂರನ್ನು ಪುಡಿ ಮಾಡಿ ಅಂಗಳಕ್ಕೆ ಹಾಕಬೇಡಿ, ಮಕ್ಕಳು ಅಲ್ಲೇ ಆಡುತ್ತವೆ.