ಅಂಗವೈಕಲ್ಯ ಇರುವ ಮಕ್ಕಳನ್ನೂ ಸೇರಿಸಿ ಆಟ ಆಡಿಸಲು ಸರ್ಕಾರಿ ಶಾಲೆಗಳಿಗೆ ತುಂಬಾ ಖರ್ಚು ಬರುತ್ತಾ?

ಜನ ಅಂದುಕೊಂಡಷ್ಟು ಬರುವುದಿಲ್ಲ. ಬಂದರೂ ಶಾಲೆ ಅದನ್ನು ಹೊರಲೇಬೇಕು. ಶಾಲೆಯ ಆಟೋಟದಲ್ಲೂ ಈ ಮಕ್ಕಳಿಗೆ ಉಳಿದವರಷ್ಟೇ ಅವಕಾಶ ಇರಬೇಕು ಎಂದು ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದ (30ನೇ ವಿಧಿ) ಸ್ಪಷ್ಟವಾಗಿ ಹೇಳುತ್ತದೆ.

ಸಾಮಾನಿನ ಖರ್ಚು ಎಷ್ಟಿರಬಹುದು ಅನ್ನುವುದಕ್ಕೆ ಗೋಲ್‌ಬಾಲ್ ನೋಡಿ. ಕಣ್ಣು ಕಾಣದವರಿಗಾಗಿ ಹುಟ್ಟಿದ ಆಟ ಇದು. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ವಾಲಿಬಾಲ್ ಅಂಕಣದ ಅಳತೆಯೂ ಅಷ್ಟೇ ಅಲ್ವಾ? ಗೆರೆಯ ಮೇಲೆ ದಾರ ಎಳೆದು ಟೇಪ್ ಅಂಟಿಸಿದರೆ ಮಕ್ಕಳು ಕೈಯಿಂದಲೇ ಗೆರೆ ಹುಡುಕಿಕೊಳ್ಳುತ್ತಾರೆ. ಒಳಗೆ ಗಂಟೆ ಇರುವ ಚೆಂಡು, ಕಣ್ಣಿಗೆ ಪಟ್ಟಿ, ಮೈಗೆ ಪೆಟ್ಟಾಗದಂತೆ ಪ್ಯಾಡ್ ಬೇಕು. ಆಡುವವರೆಲ್ಲ ಪಟ್ಟಿ ಕಟ್ಟಿಕೊಳ್ಳುವುದರಿಂದ ಕಣ್ಣು ಕಾಣುವ ಮಕ್ಕಳನ್ನೂ ಅದೇ ತಂಡಕ್ಕೆ ಹಾಕಬಹುದು. ನನಗೆ ಇಷ್ಟವಾಗುವುದೇ ಇದು. ಇನ್ನು ಕಿವಿ ಕೇಳದ ಮಗು ಓಟಕ್ಕೆ ನಿಂತರೆ, ಸೀಟಿಯ ಜೊತೆಗೆ ಬಾವುಟ ಬೀಸಿದರೂ ಸಾಕು.

ಜಾಸ್ತಿ ದುಡ್ಡು ಹೋಗುವುದು ಬೇರೆ ಕಡೆ. ಗಾಲಿಕುರ್ಚಿ ಹತ್ತಿಸಬಹುದಾದ ವಾಹನ, ಶಿಕ್ಷಕರ ತರಬೇತಿ, ಜೊತೆಗಿರುವ ಸಹಾಯಕರ ಸಂಬಳ. ಇವು ಪ್ರತಿ ವರ್ಷವೂ ಬರುವ ಖರ್ಚು. ಸುಮ್ನೆ ಒಂದು ಸಲ ಸಾಮಾನು ಕೊಂಡು ಫೋಟೋ ತೆಗೆಸಿಕೊಂಡರೆ ಅದು ಕೋಣೆಯಲ್ಲಿ ಧೂಳು ಹಿಡಿಯುತ್ತದೆ. ಆಟದ ಗಾಲಿಕುರ್ಚಿಗಳು ದುಬಾರಿ, ನಿಜ. ಅವನ್ನು ನಾಲ್ಕೈದು ಶಾಲೆಗಳು ಹಂಚಿಕೊಳ್ಳಬಹುದು. ಸಹಾಯಕರನ್ನು ಹಾಗೆ ಹಂಚಲು ಆಗುವುದಿಲ್ಲ. ಹಾಗಾಗಿ ಬಜೆಟ್‌ನಲ್ಲಿ ಮೊದಲು ಅವರ ಸಂಬಳ ಬರೆಯಿರಿ, ಆಮೇಲೆ ಸಾಮಾನಿನ ಪಟ್ಟಿ.